ತೂತು ಮುಚ್ಚುವ ಫೋನು

ರಫೂ ಅಕ್ಕನಿಗೆ ಆ ಫೋನು ಬೇಕೇ ಇರಲಿಲ್ಲ. ಅದು ಮಾರುಕಟ್ಟೆಗೆ ಬಂದ ಮೊದಲ ದಿನವೇ ಅವಳ ತಮ್ಮ ತಿಂಡಿಯನ್ನೂ ತಿನ್ನದೆ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು, ಯಾರ್ಯಾರದೋ ಮೊಣಕೈಯಿಂದ ತಿವಿಸಿಕೊಂಡು, ತನಗೊಂದು ಅಕ್ಕನಿಗೊಂದು ತಂದುಬಿಟ್ಟ. ಅವನ ಸಂಭ್ರಮ ನೋಡಿ ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಆಮೇಲೆ ಬಾಯಿ ಬಂತು, ಆದರೆ ಅಷ್ಟರಲ್ಲಿ ಹಳೆಯ ಫೋನನ್ನು ಅವನು ಬದಲಿಗೆ ಕೊಟ್ಟಾಗಿತ್ತು.

ಹೊಸದಕ್ಕೆ ರೋಗ ಒಂದೆರಡಲ್ಲ. ನಾಲ್ಕು ಮಾತಾಡುವಷ್ಟರಲ್ಲಿ ಇಸ್ತ್ರಿಪೆಟ್ಟಿಗೆಯ ಹಾಗೆ ಕಿವಿ ಸುಡುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಬ್ಯಾಟರಿ ಮಲಗಿಬಿಡುತ್ತಿತ್ತು. ಕನ್ನಡಕ ಹಾಕಿಕೊಂಡರೆ ಅವಳ ಮುಖದ ಗುರುತೇ ಅದಕ್ಕೆ ಸಿಗುತ್ತಿರಲಿಲ್ಲ. ಹರಿದ ಬಟ್ಟೆಗೆ ಎಳೆ ಕೂಡಿಸಿ ರಫೂ ಮಾಡುವವಳು ಕನ್ನಡಕ ತೆಗೆಯುವುದು ನಿದ್ದೆ ಮಾಡುವಾಗ ಮಾತ್ರ. ಏನು ದೂರು ಹೇಳಿದರೂ ತಮ್ಮನ ಹತ್ತಿರ ಒಂದೇ ಉತ್ತರ, “ಅಪ್‌ಡೇಟ್ ಬರುತ್ತೆ ಅಕ್ಕ.”

“ಬರಲಿ, ಬಂದಾಗ ಕೂರೋಕೆ ಕುರ್ಚಿ ಹಾಕ್ತೀನಿ” ಅನ್ನುತ್ತಿದ್ದಳು ಅವಳು.

ಅವಳ ಮೇಜು ಇದ್ದದ್ದು ಭಾವನ ಲಾಂಡ್ರಿಯಲ್ಲಿ, ಬೀದಿಯ ಬೆಳಕು ಬೀಳುವ ಕಿಟಕಿಯ ಪಕ್ಕ. ಒಗೆಯಲು ಬಂದ ಬಟ್ಟೆಯಲ್ಲಿ ತೂತು ಕಂಡರೆ ಅದು ಅವಳ ಮೇಜಿಗೆ ಬರುತ್ತಿತ್ತು. ಆ ಬಟ್ಟೆಯದೇ ಒಳಮಡಿಕೆಯಿಂದ ಎಳೆ ಬಿಡಿಸಿ, ಒಂದೊಂದೇ ಎಳೆಯನ್ನು ನೇಯ್ದು, ತೂತು ಎಲ್ಲಿತ್ತು ಅಂತ ಬಟ್ಟೆಯ ಯಜಮಾನನೇ ಹುಡುಕಬೇಕು, ಹಾಗೆ ಮುಚ್ಚುತ್ತಿದ್ದಳು. ಆದರೆ ಕೇಳದೆ ಸೂಜಿ ಇಡುವವಳಲ್ಲ. ಮೊದಲು ತೂತಿನ ಸುತ್ತ ಸೀಮೆಸುಣ್ಣದ ಗೆರೆ, ಆಮೇಲೆ ಒಂದು ಫೋಟೋ, ಅದನ್ನು ಗಿರಾಕಿಗೆ ಕಳಿಸಿ, ‘ರಫೂ ಮಾಡಲೇ?’ ಅಂತ ಒಂದು ಸಾಲು. ಇದು ಅವಳೇ ಹಾಕಿಕೊಂಡ ಕಟ್ಟಳೆ. ತೆಗೆದ ಫೋಟೋವನ್ನು ತಿರುಗಿ ನೋಡುವ ಅಭ್ಯಾಸ ಮಾತ್ರ ಅವಳಿಗಿರಲಿಲ್ಲ. ಬಟ್ಟೆಯೇ ಕೈಯಲ್ಲಿರುವಾಗ ಪಟ ಯಾಕೆ ನೋಡಬೇಕು?

ಎಡವಟ್ಟಾದದ್ದು ಅಲ್ಲೇ.

ಸಂಗೀತದ ಮೇಷ್ಟ್ರ ಕರಿ ಕೋಟು ಒಗೆಯಲು ಬಂದಿತ್ತು. ಕಾಲರಿನ ಕೆಳಗೆ, ಬೆನ್ನ ಮೇಲೆ, ಹುಳ ತಿಂದ ತೂತು. ಬೆನ್ನ ಮೇಲಿನದು ತೊಡುವವನಿಗೆ ಹೇಗೆ ಕಾಣಬೇಕು? ರಫೂ ಅಕ್ಕ ಗೆರೆ ಎಳೆದಳು, ಫೋಟೋ ತೆಗೆದಳು, ಕಳಿಸಿದಳು. ‘ಕೋಟು ಚೆನ್ನಾಗೇ ಇದೆಯಲ್ಲ, ರಫೂ ಏನೂ ಬೇಡ’ ಅಂತ ಉತ್ತರ ಬಂತು. ತೂತಿನ ಕೋಟೇ ಇಷ್ಟವಾದರೆ ನಾನ್ಯಾರು ಬೇಡ ಅನ್ನೋಕೆ ಅಂದುಕೊಂಡು ಹಾಗೇ ಮಡಿಸಿಟ್ಟಳು.

ಕೋಟು ಒಯ್ಯಲು ಬಂದ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು. ಹಿಡಿದವರ ಮುಖ ಕಪ್ಪಿಟ್ಟಿತು.

“ಇದೇನಮ್ಮ ಇದು? ನಿಮ್ಮ ಇಸ್ತ್ರಿ ತಾಗಿದೆ!”

“ಹುಳ ತಿಂದಿದ್ದು ಮೇಷ್ಟ್ರೇ. ಬಂದಾಗಲೇ ಇತ್ತು. ಫೋಟೋ ಕಳಿಸಿದ್ದೆನಲ್ಲ.”

“ಕಳಿಸಿದ್ರಿ. ನೋಡಿ, ನೀವೇ ಕಳಿಸಿದ್ದು.” ಅವರು ತಮ್ಮ ಫೋನು ಚಾಚಿದರು. ಅದರಲ್ಲಿ ಕೋಟು ಮದುಮಗನ ಕೋಟಿನಂತೆ ಮಿರಿಮಿರಿ ಮಿಂಚುತ್ತಿತ್ತು. ತೂತಿಲ್ಲ. ಸೀಮೆಸುಣ್ಣದ ಗೆರೆಯೂ ಇಲ್ಲ.

ರಫೂ ಅಕ್ಕ ತನ್ನ ಫೋನು ತೆಗೆದು ನೋಡಿದಳು. ಅಲ್ಲೂ ಅದೇ. ತೂತನ್ನು ಮುಚ್ಚಿ, ಗೆರೆಯನ್ನು ಕೊಳೆ ಅಂತ ಒರೆಸಿಹಾಕಿತ್ತು ಆ ಪಾಪಿ. ಕಂಪನಿಯವರು ಊರಿಗೆಲ್ಲ ಸಾರಿದ್ದು ಇದನ್ನೇ ಇರಬೇಕು, ‘ಕುಂದನ್ನು ತಾನೇ ತಿದ್ದುವ ಕ್ಯಾಮೆರಾ’ ಅಂತ.

ಕೌಂಟರಿನ ಹಿಂದಿದ್ದ ಭಾವ ಅವಳನ್ನು ಬಟ್ಟೆಗಳ ಸಾಲಿನ ಹಿಂದಕ್ಕೆ ಕರೆದ. ಒಳ್ಳೆಯ ಮನುಷ್ಯ, ಆದರೆ ಗಿರಾಕಿ ಸ್ವಲ್ಪ ದನಿ ಏರಿಸಿದರೆ ಇವನ ಬೆನ್ನು ತಾನಾಗಿ ಬಾಗುತ್ತಿತ್ತು. “ನೋಡಮ್ಮ, ಇಸ್ತ್ರಿ ತಾಗಿತು, ತಪ್ಪಾಯ್ತು ಅಂದುಬಿಡು. ಎರಡು ಮಾತು. ನಿನ್ನ ಗಂಟೇನು ಹೋಗುತ್ತೆ?”

“ನನ್ನ ಹೆಸರು ಹೋಗುತ್ತೆ ಭಾವ. ತೂತು ಮುಚ್ಚೋಳೇ ತೂತು ಮಾಡ್ತಾಳೆ ಅಂತಾದ್ರೆ ನಾಳೆ ನನ್ನ ಕೈಗೆ ಯಾರು ಬಟ್ಟೆ ಕೊಡ್ತಾರೆ?”

“ಫೋಟೋನೇ ನಿನ್ನ ವಿರುದ್ಧ ಇದೆಯಲ್ಲ!”

“ಫೋಟೋ ಹೇಳಿದ್ದೆಲ್ಲ ಬ್ರಹ್ಮವಾಕ್ಯನಾ?”

ಭಾವನ ಸಹನೆ ಅಲ್ಲಿಗೆ ಮುಗಿಯಿತು. “ಹಟ ಮಾಡೋದಾದ್ರೆ ನಿನ್ನ ಮೇಜು ಬೇರೆ ಕಡೆ ಹಾಕ್ಕೋ. ನಾನು ಅಂಗಡಿ ನಡೆಸ್ಬೇಕು.”

ಅವಳಿಗೆ ಕೋಪ ನೆತ್ತಿಗೇರಿತು. ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಕಂತೆ, ಅದೂ ನಿನ್ನೆ ಮೊನ್ನೆ ಬಂದ ಒಂದು ಫೋನಿನ ಮಾನ ಕಾಯಲು. ಮದುವೆಗೆ ಮುಂಚಿನಿಂದ ಈ ಕಿಟಕಿಯ ಪಕ್ಕ ಕೂತು ಕಣ್ಣು ಸವೆಸಿದವಳು ಸುಳ್ಳಿ, ಅಂಗಡಿಯಿಂದ ಬಂದು ಇನ್ನೂ ಹೊಸ ವಾಸನೆ ಹೋಗದ ಅದು ಸತ್ಯವಂತ! ಅವಳು ದಡದಡ ನಡೆದು ಬಂದು ಹೆಗಲ ಮೇಲಿನ ಬೂದು ಶಾಲನ್ನು ಕೌಂಟರಿನ ಮೇಲೆ ಹರಡಿದಳು. ಚಳಿಗೆ ಇದ್ದದ್ದು ಅದೊಂದೇ ಶಾಲು. ಕತ್ತರಿ ತೆಗೆದುಕೊಂಡು ಅದರ ನಟ್ಟನಡುವೆ ಕಚಕ್ಕನೆ ಒಂದು ತೂತು ಕತ್ತರಿಸಿದಳು.

“ಅಯ್ಯೋ, ಹುಚ್ಚು ಹಿಡೀತಾ?” ಅಂದ ಭಾವ.

“ಮೇಷ್ಟ್ರೇ, ನನ್ನ ಫೋನು ತಗೊಳ್ಳಿ. ನೀವೇ ಫೋಟೋ ತೆಗೀರಿ. ನಾನು ಮುಟ್ಟೋದೂ ಇಲ್ಲ.”

ಮೇಷ್ಟ್ರು ತೆಗೆದರು. ನೋಡಿದರು. ಇನ್ನೊಮ್ಮೆ ತೆಗೆದರು. ಶಾಲಿನ ಮೇಲೆ ತೂತು ಬಾಯಿ ಬಿಟ್ಟುಕೊಂಡಿತ್ತು. ಫೋನಿನಲ್ಲಿ ಶಾಲು ಅಖಂಡವಾಗಿತ್ತು. ಅವರಿಗೆ ಕಣ್ಣಿನ ಮೇಲೆ ನಂಬಿಕೆ ಹೊರಟುಹೋಯಿತೇನೋ, ಶಾಲನ್ನೆತ್ತಿ ತೂತಿನೊಳಗೆ ಬೆರಳು ತೂರಿಸಿ ಅಲ್ಲಾಡಿಸಿದರು.

“ಹಾಗೇ ಇರಿ!” ಅಂದಳು ರಫೂ ಅಕ್ಕ. ಫೋನು ಕಿತ್ತುಕೊಂಡು ತಾನೇ ಒತ್ತಿದಳು. ಈ ಸಲ ಫೋಟೋದಲ್ಲಿ ಬೂದು ಶಾಲಿನ ನಡುವಿನಿಂದ ಮೇಷ್ಟ್ರ ಬೆರಳು ಮೊಳಕೆಯಂತೆ ಎದ್ದು ನಿಂತಿತ್ತು. ಬೆರಳನ್ನು ಏನು ಮಾಡಬೇಕೆಂದು ಫೋನಿಗೆ ತೋಚಿರಲಿಲ್ಲ.

ಮೇಷ್ಟ್ರು ಮೊದಲು ನಕ್ಕರು, ಆಮೇಲೆ ನಾಚಿದರು. “ತಪ್ಪು ತಿಳ್ಕೊಂಡೆ ಅಮ್ಮ. ಕೋಟು ನಿಮ್ಮ ಹತ್ತಿರಾನೇ ಇರಲಿ, ರಫೂ ಮಾಡಿಕೊಡಿ.” ಭಾವ ಮಾತ್ರ, ಇಲ್ಲದ ಧೂಳನ್ನು ಕೌಂಟರಿನಿಂದ ಒರೆಸುತ್ತ, ಅವಳ ಮೇಜಿನ ಕಡೆ ನೋಡದೆಯೇ, “ಬೆಳಕು ಸಾಕಾ ಅಲ್ಲಿ?” ಅಂತ ಕೇಳಿದ. ಅವಳು ಕೋಟನ್ನೆತ್ತಿಕೊಂಡು ತನ್ನ ಮೇಜಿಗೆ ನಡೆದಳು. ಕೋಪ ಇನ್ನೂ ಇಳಿದಿರಲಿಲ್ಲ.

ತಮ್ಮನಿಗೂ ಸುದ್ದಿ ಮುಟ್ಟಿತು. ಬಾಡಿದ ಮುಖ ಹೊತ್ತು ಬಂದ. ಆ ತಿದ್ದುವ ಚಾಳಿಯನ್ನು ನಿಲ್ಲಿಸಲು ಬರುವುದಿಲ್ಲವಂತೆ. ಕಂಪನಿಗೆ ಫೋನು ಹಚ್ಚಿ ಅಕ್ಕನ ಕೈಗೆ ಕೊಟ್ಟ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, “ಫೋಟೋದಲ್ಲಿ ಏನು ಕಾಣ್ತಿಲ್ಲ ಮೇಡಂ?” ಅಂತ ಕೇಳಿದಳು.

“ತೂತು.”

“ಏನಂದ್ರಿ ಮೇಡಂ?”

“ತೂತು ಕಣಮ್ಮ, ತೂತು! ಇರೋ ತೂತು ಕಾಣ್ತಿಲ್ಲ!”

ಹುಡುಗಿ ಸ್ವಲ್ಪ ಹೊತ್ತು ಕಾಯಿಸಿ, ಕ್ಯಾಮೆರಾ ಸರಿಯಾಗಿಯೇ ಕೆಲಸ ಮಾಡುತ್ತಿದೆ ಅಂದಳು. ಅಷ್ಟರಲ್ಲಿ ಕಿವಿ ಸುಟ್ಟಿತು, ಬ್ಯಾಟರಿ ಮಲಗಿತು.

“ಬೇರೆ ತಂದುಕೊಡ್ತೀನಿ ಅಕ್ಕ” ಅಂದ ತಮ್ಮ.

“ಬೇಡ. ಇದನ್ನೇ ಇಟ್ಕೋತೀನಿ. ನಾನು ಇದಕ್ಕೆ ಹೆದರಿ ಬಿಟ್ಟೆ ಅಂತ ಆಗಬಾರದು.”

ಅಂದಿನಿಂದ ಲಾಂಡ್ರಿಯ ಗಿರಾಕಿಗಳಿಗೆ ಹೋಗುವ ಫೋಟೋಗಳಲ್ಲೆಲ್ಲ ಅವಳದೊಂದು ತೋರುಬೆರಳು. ಕೋಟಿನ ಬೆನ್ನಿನಿಂದ, ಪ್ಯಾಂಟಿನ ಮೊಣಕಾಲಿನಿಂದ, ಸ್ವೆಟರಿನ ಕಂಕುಳಿನಿಂದ ಇಣುಕುವ ಬೆರಳು. ಶಾಲಿನ ತೂತನ್ನು ಮಾತ್ರ ಅವಳು ಮುಚ್ಚಲಿಲ್ಲ. ನಿಮ್ಮ ಶಾಲು ಹರಿದಿದೆ ಅಂತ ಯಾರಾದರೂ ಹೇಳಿದರೆ, ಗೊತ್ತು ಅನ್ನುತ್ತಿದ್ದಳು.

ಈಗ ಕಳಿಸುವ ಮುಂಚೆ ಫೋಟೋ ನೋಡುವ ಅಭ್ಯಾಸವೂ ಆಗಿತ್ತು. ಹಾಗೆ ನೋಡುವಾಗಲೇ ಒಂದು ದಿನ ಅವಳ ಕೈ ತಡೆಯಿತು. ಪಟದಲ್ಲಿದ್ದ ಬೆರಳು ಎಳೆ ಹುಡುಗಿಯದರಂತಿತ್ತು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ತುದಿ, ಸೀಳಿದ ಉಗುರು, ಕತ್ತರಿ ತಾಗಿದ ಹಳೆಯ ಗಾಯ, ಒಂದೂ ಇರಲಿಲ್ಲ. ಇಷ್ಟು ವರ್ಷದ ದುಡಿಮೆಯನ್ನು ಫೋನು ಕೊಳೆ ಅಂತ ಒರೆಸಿಹಾಕಿತ್ತು. ಪಕ್ಕದಲ್ಲಿ ಬಗ್ಗಿ ನೋಡಿದ ಭಾವ, “ಪರವಾಗಿಲ್ಲ ಬಿಡಮ್ಮ, ಚೆಂದ ಕಾಣ್ತಿದೆ” ಅಂದ.

“ಚೆಂದ ಕಾಣೋಕೆ ಇದನ್ನ ಕೇಳಿದ್ದು ಯಾರು?” ಅಂದಳು ರಫೂ ಅಕ್ಕ. ಆ ಜಡ್ಡುಗಟ್ಟಿದ ಬೆರಳಿನಿಂದಲೇ, ಒಂದೊಂದು ಅಕ್ಷರವನ್ನೂ ಕುಟ್ಟಿ ಕುಟ್ಟಿ, ಫೋಟೋದ ಕೆಳಗೆ ಬರೆದಳು. ಆ ದಿನದಿಂದ ಪ್ರತಿ ಫೋಟೋದ ಕೆಳಗೂ ಅದೇ ಸಾಲು ಹೋಗುತ್ತದೆ:

‘ತೂತು ನಿಜ. ಬೆರಳು ನನ್ನದೇ, ಆದರೆ ಇಷ್ಟು ನುಣುಪಾಗಿಲ್ಲ. ರಫೂ ಮಾಡಲೇ?’