ನಲವತ್ತೊಂದನೇ ಲಕೋಟೆ

ಚರ್ಚಿನ ದಾಖಲೆ ಪುಸ್ತಕ ಬಿಟ್ಟರೆ ಆಕೆಯ ನಿಜವಾದ ಹೆಸರು ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಆಗಲಿ ಅಕ್ಕ. ಯಾರು ಏನು ಕೇಳಿದರೂ ‘ಆಗಲಿ’ ಎನ್ನುವುದು ಆಕೆಯ ಗುಣವೋ ಕಾಯಿಲೆಯೋ ಗೊತ್ತಿಲ್ಲ, ಅಂತೂ ಅದರಿಂದ ಊರಿಗೆಲ್ಲ ಲಾಭವಾಗಿತ್ತು. ಸೋಮವಾರ ಚರ್ಚಿನ ಹಿಂದಿನ ಹಾಲ್‌ನಲ್ಲಿ ಅರ್ಜಿ ವಿಂಗಡಿಸುವ ಕೆಲಸ. ಮಂಗಳವಾರ ಹಳೆ ಬಟ್ಟೆ ಸಂಗ್ರಹಿಸುವ ಸಂಸ್ಥೆಯಲ್ಲಿ ಗುಂಡಿ ಹೊಲಿಯುವುದು. ಬುಧವಾರ ಮತ್ತು ಶುಕ್ರವಾರ ಉಚಿತ ಊಟದ ಕೇಂದ್ರದಲ್ಲಿ ತರಕಾರಿ ಹೆಚ್ಚುವುದು. ಗುರುವಾರ ವೃದ್ಧಾಶ್ರಮದ ಅಜ್ಜಿಯರ ತಲೆ ತೊಳೆಯುವುದು. ಶನಿವಾರ ಮನೆ ಭೇಟಿ. ಭಾನುವಾರ ದೇವರ ದಿನ ಎಂದು ನೀವು ಅಂದುಕೊಂಡರೆ ತಪ್ಪು, ಅವತ್ತು ಆರಾಧನೆ ಮುಗಿದ ಮೇಲೆ ಆಸ್ಪತ್ರೆಯ ವಾರ್ಡಿಗೆ ಊಟದ ಪೊಟ್ಟಣ ಹೊರಬೇಕು.

ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬೀದಿ ದೀಪ ಹತ್ತಿದ ಮೇಲೇ ಆಕೆ ವಾಪಸ್ಸು ಬರುತ್ತಿದ್ದದ್ದು. ಇದರಲ್ಲೇ ಇತ್ತು ತೊಂದರೆ. ಏಕೆಂದರೆ ಆಕೆಯ ಗಂಡನಿಗೆ ಕಣ್ಣು ಕಾಣುತ್ತಿದ್ದದ್ದು ಹಗಲಿನ ಒಳ್ಳೆ ಬೆಳಕಿನಲ್ಲಿ ಮಾತ್ರ.

ಆತ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಎಳ್ಳಿನಷ್ಟು ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತುತ್ತಿದ್ದ ಮನುಷ್ಯ ಈಗ ಬೆಳಗಿನ ಹೊತ್ತು ಕಾಫಿ ಲೋಟಕ್ಕಾಗಿ ಮೇಜನ್ನು ತಡವುತ್ತಿದ್ದ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮುಂದಿನ ಕೋಣೆಯ ಕಿಟಕಿಗೆ ನೇರ ಬಿಸಿಲು ಬೀಳುತ್ತದೆ. ಆಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರಾದರೂ ಕೂತರೆ ಅವರ ಮುಖ ಅವನಿಗೆ ಸುಮಾರಾಗಿ ಕಾಣಿಸುತ್ತಿತ್ತು. ಬೀದಿ ದೀಪ ಹತ್ತುವ ಹೊತ್ತಿಗೆ ಹೆಂಡತಿ ಅವನ ಪಾಲಿಗೆ ಬರೀ ಒಂದು ಧ್ವನಿ. ಆ ಹಗಲಿನ ನೋಟವೂ ಇನ್ನೆಷ್ಟು ದಿನವೋ, ಡಾಕ್ಟರಿಗೇ ಗೊತ್ತಿಲ್ಲ ಎಂದು ಆಕೆಗೆ ಹೇಳಿದ್ದ. ಡಾಕ್ಟರು ನಿಜವಾಗಿ ಹೇಳಿದ್ದು ಬೇರೆ, ಅದು ಮುಂದೆ ಬರುತ್ತದೆ.

“ಶನಿವಾರ ಒಂದಿನ ಮಧ್ಯಾಹ್ನ ಮನೇಲಿರೇ,” ಎಂದು ಆತ ಒಮ್ಮೆ ಕೇಳಿದ್ದ. “ಹಗಲು ಹೊತ್ತಲ್ಲಿ ನಿನ್ನ ಮುಖ ನೋಡಿ ಎಷ್ಟೋ ದಿನ ಆಯ್ತು.”

“ಆಗಲಿ ರೀ,” ಎಂದಿದ್ದಳು ಆಕೆ. ಮನಸಾರೆಯೇ ಹೇಳಿದ್ದಳು. ಆದರೆ ಶನಿವಾರಕ್ಕೆ ಹೆಡ್‌ಮಿಸ್ ಮೊದಲೇ ಕೇಳಿ ಆಗಿತ್ತು.

ಹೆಡ್‌ಮಿಸ್ ಎಂದರೆ ಚರ್ಚಿನ ಸೇವಾ ಸಮಿತಿಯ ಮುಖ್ಯಸ್ಥೆ. ಶಾಲೆಯಿಂದ ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿದ್ದರೂ ಊರನ್ನೆಲ್ಲ ಆರನೇ ಕ್ಲಾಸು ಎಂದೇ ತಿಳಿದಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಾಗಿತ್ತು, ಜಗಳ ಆಡಿ ಎದ್ದು ಬರಬಹುದಿತ್ತು. ಇವರು ಹೆಗಲ ಮೇಲೆ ಕೈಯಿಟ್ಟು ಮಾತಾಡುವವರು. ಒಮ್ಮೆ ಆಗಲಿ ಅಕ್ಕ ಧೈರ್ಯ ಮಾಡಿ, ಮೂರು ದಿನ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು, ಶನಿವಾರ ಬಿಡಿಸಿಕೊಳ್ಳಲು ಹೋಗಿದ್ದಳು.

“ಮೇಡಂ, ಶನಿವಾರ ಮಾತ್ರ ಬೇರೆ ಯಾರಿಗಾದ್ರೂ…”

“ನಿಮ್ಮವರ ಆಪರೇಷನ್ ಆದಾಗ ನಲವತ್ತು ದಿನ ನಿಮ್ಮ ಮನೆಗೆ ಊಟದ ಕ್ಯಾರಿಯರ್ ಬಂತಲ್ಲಮ್ಮ,” ಎಂದರು ಹೆಡ್‌ಮಿಸ್, ಹೆಗಲ ಮೇಲೆ ಕೈಯಿಟ್ಟು, ತುಂಬಾ ಮೆತ್ತಗೆ. “ಆಗ ಯಾರಾದ್ರೂ ಶನಿವಾರ ಬಿಟ್ಟು ತಂದ್ರಾ?”

ಯಾರೂ ಬಿಟ್ಟಿರಲಿಲ್ಲ. ನಲವತ್ತು ದಿನವೂ ಬಿಸಿ ಊಟ ಬಂದಿತ್ತು. ಆ ಊಟ ಉಂಡ ಬಾಯಲ್ಲಿ ಇಲ್ಲ ಎನ್ನುವ ಮಾತು ಹುಟ್ಟುವುದಾದರೂ ಹೇಗೆ? ಶನಿವಾರ ಬಿಡಿಸಿಕೊಳ್ಳಲು ಹೋದವಳು ಗುರುವಾರವನ್ನೂ ತಲೆಗೆ ಕಟ್ಟಿಸಿಕೊಂಡು ಬಂದಳು.

ಸಾಲದ್ದಕ್ಕೆ ಪಟ್ಟಿ ಓದುವ ಪದ್ಧತಿ ಬೇರೆ. ಭಾನುವಾರ ಆರಾಧನೆ ಮುಗಿಯುತ್ತಲೇ ಪಾದ್ರಿಗಳು ಆ ವಾರದ ಸೇವೆಯ ಪಟ್ಟಿ ಓದುತ್ತಾರೆ. ಹೆಸರು ಬಂದವರು ಎದ್ದು ನಿಲ್ಲಬೇಕು. ಮುನ್ನೂರು ಜನ ತಿರುಗಿ ನೋಡುವಾಗ ಕೂತೇ ಇರುವ ಗಂಡೆದೆ ಯಾರಿಗಿದೆ? ಆಗಲಿ ಅಕ್ಕನ ಮಂಡಿಗಳು ಹೆಸರು ಪೂರ್ತಿ ಮುಗಿಯುವ ಮೊದಲೇ ತಾವಾಗಿ ಏಳುತ್ತಿದ್ದವು. ನಿಂತಾಗ ಮುಖದಲ್ಲಿ ನಗು, ಒಳಗೆ ಮಾತ್ರ ಬಾಗಿಲು ಹಾಕಿ ಚಿಲಕ ಜಡಿದ ಹಾಗೆ ಉಸಿರು ಕಟ್ಟುತ್ತಿತ್ತು. ಅತ್ತ ಮನೆಯಲ್ಲಿ ಎರಡು ಗಂಟೆಯ ಬಿಸಿಲು ಖಾಲಿ ಕುರ್ಚಿಯ ಮೇಲೆ ಬಿದ್ದು, ನಾಲ್ಕಕ್ಕೆ ಎದ್ದು ಹೋಗುತ್ತಿತ್ತು.

ಇನ್ನು ಅರ್ಜಿಯ ವಿಷಯ. ಸಹಾಯ ಬೇಕಾದವರು ಕಚೇರಿಯಿಂದ ನಂಬರಿರುವ ಫಾರಂ ತರಿಸಿ, ತುಂಬಿ, ಚರ್ಚಿನ ಗೇಟಿನ ಪೆಟ್ಟಿಗೆಯಲ್ಲಿ ಅರ್ಜಿ ಹಾಕುತ್ತಾರೆ. ಯಾವ ನಂಬರು ಯಾರ ಮನೆಗೆ ಹೋಯಿತೆಂಬುದು ಕಚೇರಿಯ ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ. ಕೇಳುವವರ ಮಾನ ಕಾಯಬೇಕೆಂದು ಹೆಡ್‌ಮಿಸ್ ಒಂದು ಕ್ರಮ ಮಾಡಿದ್ದರು. ಹೆಸರು, ವಿಳಾಸ, ಕಷ್ಟ, ಎಲ್ಲವೂ ಮಡಚಿ ಅಂಟಿಸಿದ ಭಾಗದೊಳಗೆ. ಹೊರಗೆ ಕಾಣುವುದು ಕಾಗದದ ಒಂದು ಅಂಚು ಮಾತ್ರ, ಅದರಲ್ಲಿ ಫಾರಂ ನಂಬರು ಮತ್ತು ‘ತುರ್ತು’, ‘ಸಾಮಾನ್ಯ’ ಎಂಬ ಎರಡು ಚೌಕ, ಒಂದಕ್ಕೆ ಗುರುತು. ಅದನ್ನು ಲಕೋಟೆಗೆ ಹಾಕಿ, ಮೇಲೆ ಅದೇ ನಂಬರು ಒತ್ತಿ, ತುರ್ತಿನವನ್ನು ಮುಂದೆ, ಸಾಮಾನ್ಯದವನ್ನು ಹಿಂದೆ ಜೋಡಿಸಬೇಕು. ಶನಿವಾರ ಮನೆ ಭೇಟಿಗೆ ಹೋಗುವವರಿಗೆ ಮೇಲಿನಿಂದ ಒಂದೊಂದಾಗಿ ಹಂಚುತ್ತಾರೆ. ಗೇಟು ದಾಟಿದ ಮೇಲೇ ಒಡೆಯಬೇಕು, ಅದಲು ಬದಲು ಮಾಡುವ ಹಾಗಿಲ್ಲ. ಹಿಂದೆ ಕೆಲವರು ಕಾಫಿ ಕೊಡುವ ಮನೆಗಳನ್ನೇ ಆರಿಸಿಕೊಳ್ಳುತ್ತಿದ್ದರಂತೆ.

ಜೋಡಿಸುವ ಕೆಲಸಕ್ಕೆ ಆಗಲಿ ಅಕ್ಕನಿಗಿಂತ ತಕ್ಕವರು ಯಾರು? ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಕಾಗದ ವಿಂಗಡಿಸಿದವಳು. ಬೇರೆಯವರ ಒಂದು ಕಾರ್ಡನ್ನೂ ಓದಿದವಳಲ್ಲ, ಆ ಹೆಮ್ಮೆ ಈಗಲೂ ಇತ್ತು. ಸೋಮವಾರ ಆಕೆಯ ಕೈ ಓಡುವುದನ್ನು ನೋಡಲು ಪಾದ್ರಿಗಳೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಲವತ್ತೊಂದನೇ ನಂಬರಿನ ಲಕೋಟೆಯೊಂದು ಹನ್ನೊಂದು ವಾರಗಳಿಂದ ಆಕೆಯ ಕೈಗೆ ಬರುತ್ತಲೇ ಇತ್ತು. ‘ಸಾಮಾನ್ಯ’ ಎಂದು ಗುರುತು ಹಾಕಿದ್ದರಿಂದ, ಹೊಸ ತುರ್ತುಗಳು ಬಂದಾಗಲೆಲ್ಲ ಅದು ಹಿಂದಕ್ಕೆ ಸರಿಯುತ್ತಿತ್ತು. ‘ಯಾರೋ ಪಾಪ, ತಾಳ್ಮೆಯ ಜನ’ ಎಂದುಕೊಂಡು ಹನ್ನೊಂದು ಸಲವೂ ತನ್ನ ಕೈಯಾರೆ ಹಿಂದಕ್ಕಿಟ್ಟಿದ್ದಳು.

ಹನ್ನೆರಡನೇ ವಾರ ತುರ್ತುಗಳು ಕಡಿಮೆ ಬಂದವು. ಶನಿವಾರ ಮಧ್ಯಾಹ್ನ ಒಂದೂವರೆಗೆ ಹೆಡ್‌ಮಿಸ್ ಆಕೆಯ ಕೈಗೆ ಲಕೋಟೆ ಕೊಟ್ಟರು. ನಂಬರು ನಲವತ್ತೊಂದು. ‘ಅಂತೂ ಬಂತಲ್ಲಪ್ಪ ಇದರ ಪಾಳಿ’ ಎಂದು ಆಕೆಗೆ ಸಮಾಧಾನವೇ ಆಯಿತು. ಗೇಟು ದಾಟಿ, ನೆರಳಿಗೆ ಸರಿದು, ಒಡೆದಳು.

ಕೈಬರಹ ಆಕೆಗೆ ಗೊತ್ತಿದ್ದದ್ದೇ. ರಿಪೇರಿಗೆ ಬಂದ ಗಡಿಯಾರಗಳಿಗೆ ಕಟ್ಟುವ ಚೀಟಿಗಳ ಮೇಲೆ ಬರೆದು ಬರೆದು ರೂಢಿಯಾದ ಸಣ್ಣ ಅಕ್ಷರ. ಆದರೆ ಈಗ ಸಾಲುಗಳು ಒಂದರ ಮೇಲೊಂದು ಹತ್ತಿದ್ದವು. ವಿಳಾಸ ಆಕೆಯ ಮನೆಯದ್ದೇ. ಕೆಳಗೆ ಹೀಗಿತ್ತು:

‘ಬೇಕಾದ ಸಹಾಯ: ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೂರಬೇಕು. ಓದುವುದು, ಗುಡಿಸುವುದು, ಅಡುಗೆ ಯಾವುದೂ ಬೇಡ. ನೋಡಿಕೊಂಡರೆ ಸಾಕು. ಡಾಕ್ಟರು ಹೆಚ್ಚೆಂದರೆ ಮೂರು ತಿಂಗಳು ಎಂದಿದ್ದಾರೆ. ಎಂಥವರು ಬೇಕು: ಅರವತ್ತೊಂದು ವರ್ಷದ ಹೆಂಗಸು, ಎಡಗೆನ್ನೆಯಲ್ಲಿ ಮಚ್ಚೆ, ಯಾರು ಏನು ಕೇಳಿದರೂ ಒಪ್ಪಿಕೊಳ್ಳುವ ಸ್ವಭಾವ. ನಿಮ್ಮಲ್ಲಿ ಅಂಥವರೊಬ್ಬರು ಇದ್ದಾರೆಂದು ಕೇಳಿದ್ದೇನೆ. ಬೇರೆಯವರಾದರೆ ಬೇಡ.’

ಮೊದಲು ನಗು ಬಂತು. ಕಿಲಾಡಿ ಮುದುಕ, ಹೆಂಡತಿಯನ್ನು ಅರ್ಜಿ ಹಾಕಿ ಕೇಳಿದ್ದಾನೆ. ಆಮೇಲೆ ಕೆಳಗಿನ ತಾರೀಕು ಕಾಣಿಸಿತು. ಲೆಕ್ಕ ಹಾಕಲು ಬೆರಳೇನೂ ಬೇಕಾಗಲಿಲ್ಲ, ಆ ಹನ್ನೊಂದು ಸೋಮವಾರಗಳೂ ಆಕೆಯ ಬೆರಳಲ್ಲೇ ಇದ್ದವು. ನೋವಾಗುತ್ತಿದೆ ಎಂದು ಎಂದೂ ಬಾಯಿಬಿಡದವನು, ತುರ್ತು ಎನ್ನುವ ಚೌಕಕ್ಕೆ ಗುರುತು ಹಾಕುವನೇ? ತನಗಿಂತ ಕಷ್ಟದವರು ಇರುತ್ತಾರೆಂದು ‘ಸಾಮಾನ್ಯ’ಕ್ಕೆ ಹಾಕಿದ್ದ. ಆಕೆ ನಿಯಮ ತಪ್ಪದೆ ಹಿಂದಕ್ಕೆ ತಳ್ಳಿದ್ದಳು. ಕೈಚೀಲ ಎದೆಗವಚಿಕೊಂಡು, ಆ ವಯಸ್ಸಿನಲ್ಲಿ ನಡೆಯಬಾರದಷ್ಟು ಬಿರುಸಾಗಿ ನಡೆದಳು.

ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ಗೋಡೆಯ ಮೇಲೆ ಗಿರಾಕಿಗಳು ವಾಪಸ್ಸು ಒಯ್ಯದೆ ಬಿಟ್ಟ ಏಳು ಗಡಿಯಾರಗಳು, ಏಳೂ ಎರಡು ದಾಟಿ ಐದು ನಿಮಿಷ ಎನ್ನುತ್ತಿದ್ದವು. ಕೀಲಿ ಕೊಡುವುದನ್ನು ಆತ ಬಿಟ್ಟಿರಲಿಲ್ಲ. ಕಿಟಕಿಯ ಎದುರು ಸ್ಟೂಲಿನ ಮೇಲೆ ಕೂತಿದ್ದ, ಶರ್ಟು ಇಸ್ತ್ರಿಯದು, ತಲೆ ಬಾಚಿತ್ತು. ಹನ್ನೊಂದು ಶನಿವಾರವೂ ಹೀಗೇ ತಯಾರಾಗಿ ಕೂತಿದ್ದನೇನೋ. ಆಕೆ ಚಪ್ಪಲಿ ಬಿಟ್ಟಳು.

“ಬಂದ್ಯಾ?” ಎಂದ ಆತ. ಹೆಜ್ಜೆಯ ಸದ್ದು ಗೊತ್ತಿಲ್ಲವೇ. “ನಂಬರ್ ಬಂತು ಅನ್ನು.”

“ಬಂತು ರೀ.” ಆಕೆ ಸದ್ದಾಗದ ಹಾಗೆ ಹೋಗಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಳು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣು ಕಿರಿದು ಮಾಡದೆ, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೆಟ್ಟಗೆ ಕೂತಳು. “ನೋಡಿ, ಕೂತಿದ್ದೀನಿ.”

ಆತ ಇನ್ನೂ ಬಾಗಿಲ ಕಡೆಗೇ ಮುಖ ಮಾಡಿದ್ದ. ಧ್ವನಿ ಬಂದತ್ತ ತಿರುಗಿದ. ಆಕೆಯ ಕಿವಿಯ ಪಕ್ಕ ಎಲ್ಲೋ ದೃಷ್ಟಿ ನೆಟ್ಟ.

“ಮೋಡ ಮುಚ್ಚಿದ್ಯಾ?” ಎಂದು ಕೇಳಿದ.

“ಹೂಂ,” ಎಂದಳು. “ಸ್ವಲ್ಪ ಮೋಡ ಇದೆ.”

“ಸುಳ್ಳು ಹೇಳ್ಬೇಡ ಕಣೇ. ಕೈ ಮೇಲೆ ಬಿಸಿಲು ಚುರುಗುಟ್ತಿದೆ.”

“ಯಾವಾಗಿಂದ ರೀ?”

“ಹದಿನೈದು ದಿನ ಆಯ್ತು. ಕಳೆದ ತಿಂಗಳು ಕುರ್ಚಿ ಕಾಣ್ತಿತ್ತು. ಚೆನ್ನಾಗೇ ಕಾಣ್ತಿತ್ತು.”

“ಒಂದು ಮಾತು ಹೇಳ್ಬಾರದಿತ್ತಾ ನಂಗೆ?”

“ಹೇಳಿದ್ದೆನಲ್ಲ,” ಎಂದ ಆತ, ಸಿಟ್ಟಿಲ್ಲದೆ. “ನೀನು ಆಗಲಿ ಅಂದೆ. ಅದಕ್ಕೇ ನಿಮ್ಮ ಆಫೀಸಿಗೇ ಬರೆದು ಹಾಕಿದೆ.”

ಆಕೆ ಅತ್ತಳು. ತಡೆದುಕೊಳ್ಳುವ ಪ್ರಯತ್ನವನ್ನೂ ಮಾಡಲಿಲ್ಲ. ತನ್ನ ಮೇಲೇ ಹೇಸಿಗೆಯಾಗಿತ್ತು. ಊರಿನ ಅಜ್ಜಿಯರ ತಲೆಯೆಲ್ಲ ತೊಳೆದು, ಸ್ವಂತ ಗಂಡನಿಗೆ ತೋರಿಸಲು ಒಂದು ಮುಖ ಉಳಿಸಿಕೊಳ್ಳಲಾಗಲಿಲ್ಲ ತನ್ನಿಂದ.

ಕೈಚೀಲದೊಳಗೆ ಫೋನು ಹೊಡೆದುಕೊಂಡಿತು. ಹೆಡ್‌ಮಿಸ್. ಎತ್ತುವುದೂ ಅಭ್ಯಾಸಬಲ, ಎತ್ತಿದಳು.

“ಅಮ್ಮಾ, ದೊಡ್ಡ ತಪ್ಪಾಗಿಹೋಗಿದೆ. ಈಗ ರಿಜಿಸ್ಟರ್ ನೋಡಿದೆ. ನಲವತ್ತೊಂದು ನಿಮ್ಮನೇದೇ ಅಲ್ವಾ? ಸ್ವಂತ ಮನೆಗೆ ಸೇವೆ ಲೆಕ್ಕಕ್ಕೆ ಬರಲ್ಲ, ನಿಮಗೇ ಗೊತ್ತು. ನೀವು ನಲವತ್ತೆರಡಕ್ಕೆ ಹೊರಡಿ, ಅಜ್ಜ ಒಬ್ಬರೇ ಕಾಯ್ತಿದ್ದಾರೆ. ನಿಮ್ಮವರ ಹತ್ರ ಕೂರೋದಕ್ಕೆ ಪ್ರತಿ ಶನಿವಾರ ಬೇರೆಯವರನ್ನ ಕಳಿಸ್ತೀನಿ. ನೀವು ಮನೆ ಚಿಂತೆ ಬಿಟ್ಟು ನಿಶ್ಚಿಂತೆಯಾಗಿ ಬನ್ನಿ.”

ಎಂಥ ಒಳ್ಳೆಯ ಮನಸ್ಸು. ಅದೇ ಮೆತ್ತಗಿನ ಧ್ವನಿ, ಹೆಗಲ ಮೇಲೆ ಕೈ ಇದ್ದ ಹಾಗೇ ಅನ್ನಿಸಿತು. ಆಕೆಯ ಮಂಡಿಗಳು ತಾವಾಗಿ ಕುರ್ಚಿಯಿಂದ ಅರ್ಧ ಎದ್ದವು. ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಎದುರಿಗೆ ಗಂಡ, ಕುರ್ಚಿ ಕಿರ್ ಎಂದ ಸದ್ದಿಗೆ, ಕೈಯೆತ್ತಿ ‘ಹೋಗಿ ಬಾ’ ಎಂಬಂತೆ ಸನ್ನೆ ಮಾಡಿದ. ಬೇಸರವಿಲ್ಲದೆ ಮಾಡಿದ. ರೂಢಿಯಾಗಿಬಿಟ್ಟಿತ್ತು ಅವನಿಗೂ.

ಆಕೆ ಮತ್ತೆ ಕೂತಳು.

“ನಾನು ಕೂತಿದ್ದೀನಿ ಮೇಡಂ,” ಎಂದಳು. “ಏಳಕ್ಕಾಗಲ್ಲ.” ಫೋನನ್ನು ಆರಿಸದೆಯೇ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅದರೊಳಗಿಂದ ‘ಹಲೋ, ಹಲೋ’ ಎಂದು ಸ್ವಲ್ಪ ಹೊತ್ತು ಕೇಳಿ, ನಿಂತುಹೋಯಿತು.

“ನಾಳೆ ಚರ್ಚಲ್ಲಿ ಪಟ್ಟಿ ಓದ್ತಾರಲ್ಲೇ,” ಎಂದ ಆತ.

“ಓದ್ಲಿ.” ಹಾಗೆಂದರೂ ನಾಳೆಯ ಮುನ್ನೂರು ಮುಖಗಳು ಈಗಲೇ ಕಣ್ಣಿಗೆ ಕಟ್ಟಿದವು.

ಆತ ಸ್ಟೂಲನ್ನು ಒಂದು ಮೊಳ ಹತ್ತಿರಕ್ಕೆ ಎಳೆದುಕೊಂಡ.

“ಸರಿ, ಬಂದ ಕೆಲಸ ಮಾಡು,” ಎಂದ. “ಹೇಗೆ ಕಾಣ್ತಿದ್ದೀಯ ಹೇಳು, ಕೇಳ್ತೀನಿ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ತನ್ನ ಬಗ್ಗೆ ತಾನೇ ಹೇಳುವುದು ಆಕೆಗೆ ಹೊಸದು, ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ.

“ನೀಲಿ ಸೀರೆ ಉಟ್ಟಿದ್ದೀನಿ. ಮಚ್ಚೆ ಇದ್ದಲ್ಲೇ ಇದೆ. ಕನ್ನಡಕದ ಒಂದು ಕಾಲು ಸಡಿಲ ಆಗಿದೆ. ತಲೆ ಪೂರ್ತಿ ಬೆಳ್ಳಗಾಗಿದೆ.”

“ಪೂರ್ತಿನಾ?” ಎಂದ ಆತ. ಅವನ ಧ್ವನಿ ಸಣ್ಣದಾಯಿತು. “ನಾನು ಕೊನೇ ಸಲ ನೋಡಿದಾಗ ಹಣೆ ಹತ್ರ ನಾಲ್ಕು ಕೂದಲು ಮಾತ್ರ ಬಿಳಿ ಇತ್ತು.”