ಹನ್ನೆರಡರ ಹಲ್ಲು

ಯುದ್ಧ ಮುಗಿಯಿತು ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಮುಗಿದದ್ದು ಸದ್ದು ಮಾತ್ರ. ಎರಡೂ ಕಡೆಯವರು ಹೊಲಗಳಲ್ಲಿ ಹೂತಿಟ್ಟು ಹೋದ ನೆಲಬಾಂಬುಗಳಿಗೆ ಆ ಸುದ್ದಿ ಹೇಳುವವರು ಯಾರು? ಅವು ತಮ್ಮ ಪಾಡಿಗೆ ಕಾದುಕೊಂಡು ಕೂತಿದ್ದವು. ಉಳುವುದಕ್ಕೆ ಹೋದವರು ಮರಳಿ ಬರುತ್ತಿರಲಿಲ್ಲ. ಆಗ ಗೆದ್ದವರಿಗೆ ಒಂದು ಉಪಾಯ ಹೊಳೆಯಿತು, ಅವರ ಮನೆ ಹಾಳಾಗ! ದೊಡ್ಡವರ ಭಾರಕ್ಕೆ ಬಾಂಬು ಸಿಡಿಯುತ್ತದೆ, ಮಕ್ಕಳು ಹಗುರ. ಮಕ್ಕಳ ಕೈಗೆ ಒಂದೊಂದು ಕಬ್ಬಿಣದ ಸಲಾಕೆ ಕೊಟ್ಟು, ಸಾಲಾಗಿ ಹೊಲದಲ್ಲಿ ನಡೆಸಿ, ನೆಲ ಚುಚ್ಚಿಸಿ ಹುಡುಕಿಸುವುದು. ಮನೆಗೊಂದು ಮಗು. ಹನ್ನೆರಡು ತುಂಬಿದ್ದರೆ ಸಾಕು, ಗಂಡೋ ಹೆಣ್ಣೋ ಎಂದು ನೆಲಬಾಂಬು ಕೇಳುವುದಿಲ್ಲವಲ್ಲ. ಹನ್ನೆರಡು ತುಂಬದವರನ್ನು ಮಾತ್ರ ಮುಟ್ಟುವಂತಿಲ್ಲ ಎಂದು ಕಾಗದದಲ್ಲಿ ಬರೆದು ಶಾಲೆಯ ಬಾಗಿಲಿಗೆ ಅಂಟಿಸಿದರು. ಅಷ್ಟು ದಯೆ ಇತ್ತು ಪುಣ್ಯಾತ್ಮರಿಗೆ.

ಶಾಲೆ ಎಂದರೆ ಪಾಠದ ಶಾಲೆಯಲ್ಲ. ಮನೆ ಕಳೆದುಕೊಂಡವರನ್ನೆಲ್ಲ ತಂದು ತುಂಬಿದ್ದ ಕಟ್ಟಡ. ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಸಂಸಾರ, ನಡುವೆ ಗೋಡೆಯ ಬದಲು ಅಡ್ಡ ಮಲಗಿಸಿದ ಬೆಂಚು. ಏಳನೆಯ ತರಗತಿಯ ಕೋಣೆಯಲ್ಲಿ, ಕರಿಹಲಗೆಯ ಕೆಳಗಿನ ಮೂಲೆಯಲ್ಲಿ, ಒಬ್ಬ ಅಜ್ಜಿ ತನ್ನ ಇಬ್ಬರು ಮೊಮ್ಮಕ್ಕಳನ್ನು ಇಟ್ಟುಕೊಂಡಿದ್ದಳು. ಹುಡುಗನಿಗೆ ಹದಿಮೂರು. ಎರಡು ವರ್ಷದ ಹಸಿವು, ಜ್ವರ ಸೇರಿ ಅವನನ್ನು ಹಿಂಡಿ ಒಣಗಿಸಿದ್ದವು. ಹುಡುಗಿಗೆ ಹತ್ತು. ಅವಳು ಅದೇ ಗಂಜಿ ಕುಡಿದು, ಅದೇ ನೆಲದ ಮೇಲೆ ಮಲಗಿ, ಯಾರ ಅಪ್ಪಣೆಯೂ ಇಲ್ಲದೆ ಎತ್ತರಕ್ಕೆ ಬೆಳೆದಿದ್ದಳು. ಕೋಣೆಯ ಮಕ್ಕಳು ಅವಳಿಗೆ ಏಣಿ ಎಂದು ಹೆಸರಿಟ್ಟಿದ್ದರು. ಅಣ್ಣ ತಂಗಿ ಪಕ್ಕಪಕ್ಕ ನಿಂತರೆ ಗೊತ್ತಿಲ್ಲದವರು ಅವಳನ್ನೇ ದೊಡ್ಡವಳು ಎನ್ನುತ್ತಿದ್ದರು. ಅವನಿಗೆ ಅದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. "ನಾನು ನಿನ್ನ ಅಣ್ಣ ಕಣೇ, ಅಣ್ಣ ಅನ್ನು" ಎಂದು ಅವಳ ಜಡೆ ಎಳೆಯುತ್ತಿದ್ದ. ಅವಳು ಅಣ್ಣ ಎನ್ನುತ್ತಿದ್ದಳು. ಇನ್ನೇನು ಅಂದಾಳು? ಬಾಂಬು ಬೀಳುವಾಗ ಎರಡೂ ಕೈಯಿಂದ ಅವಳ ಕಿವಿ ಮುಚ್ಚುತ್ತಿದ್ದವನು ಅವನೇ. ತನ್ನ ಕಿವಿ ಮುಚ್ಚಿಕೊಳ್ಳಲು ಅವನಿಗೆ ಮೂರನೆಯ ಕೈ ಇರಲಿಲ್ಲ.

ಹೊಲಕ್ಕೆ ಹೋದ ಮಕ್ಕಳಲ್ಲಿ ಆ ಶಾಲೆಗೆ ಮರಳಿ ಬಂದವನು ಒಬ್ಬನೇ. ಒಂದು ಕಾಲು, ಎರಡು ಊರುಗೋಲು. ಮಕ್ಕಳು ಅವನನ್ನು ಮುಕ್ಕಾಲ ಎಂದು ಕರೆಯುತ್ತಿದ್ದರು, ಅವನೂ ಓ ಎನ್ನುತ್ತಿದ್ದ. ಮಕ್ಕಳ ಬಾಯಿಗೆ ಕರುಣೆ ಎಲ್ಲಿಂದ ಬರಬೇಕು, ದೊಡ್ಡವರು ಕಲಿಸಿದ್ದರೆ ತಾನೇ? ಏಣಿಯ ಅಣ್ಣ ಮಾತ್ರ ಅವನನ್ನು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ.

"ನಾನು ಹೋಗಲ್ಲ ಕಣೇ. ಏನಾದ್ರೂ ಆಗ್ಲಿ, ನಾನು ಮಾತ್ರ ಹೋಗಲ್ಲ," ಎಂದು ಒಂದು ದಿನ ನೀರಿನ ಸಾಲಿನಲ್ಲಿ ತಂಗಿಯ ಕಿವಿಯಲ್ಲಿ ಹೇಳಿದ.

"ಅಜ್ಜಿ ಬಿಡಲ್ಲ ನಿನ್ನ. ಸುಮ್ನಿರು," ಎಂದಳು ಅವಳು.

ಮಗುವಿನ ವಯಸ್ಸು ಗೊತ್ತಾಗುವುದು ಹೇಗೆ? ಜನನದ ದಾಖಲೆಗಳು ಕಚೇರಿಯ ಜೊತೆಗೇ ಸುಟ್ಟುಹೋಗಿದ್ದವು. ಮನೆಯವರ ಮಾತು ಕೇಳಿದರೆ ಊರಲ್ಲಿ ಹನ್ನೊಂದು ದಾಟಿದ ಒಂದು ಮಗುವೂ ಇರಲಿಲ್ಲ. ಅದಕ್ಕೇ ಹಲ್ಲು ನೋಡುವ ಪದ್ಧತಿ ಬಂತು. ದವಡೆಯಲ್ಲಿ ತೀರಾ ಹಿಂದೆ ಹನ್ನೆರಡರ ಹೊತ್ತಿಗೆ ಇನ್ನೂ ನಾಲ್ಕು ದೊಡ್ಡ ಹಲ್ಲು ಮೂಡುತ್ತವೆ, ಮೇಲೆ ಎರಡು, ಕೆಳಗೆ ಎರಡು. ಅವು ಇದ್ದರೆ ದೊಡ್ಡವರು, ಇಲ್ಲದಿದ್ದರೆ ಚಿಕ್ಕವರು. ಜನ ಅದನ್ನು ಹನ್ನೆರಡರ ಹಲ್ಲು ಎಂದೇ ಕರೆದರು. ನೋಡಲು ಬರುತ್ತಿದ್ದವರು ದನದ ಡಾಕ್ಟರು. ಮನುಷ್ಯರ ಡಾಕ್ಟರು ಯಾರೂ ಉಳಿದಿರಲಿಲ್ಲ, ಇವರೋ ಜನ್ಮವೆಲ್ಲ ಎತ್ತು ಎಮ್ಮೆಯ ಬಾಯಿಗೆ ಕೈ ಹಾಕಿ ವಯಸ್ಸು ಹೇಳಿದವರು. ಕಸುಬು ಒಂದೇ, ಬಾಯಿ ಬೇರೆ.

ಈ ಪದ್ಧತಿ ಬಂದ ವಾರಕ್ಕೇ ಅದಕ್ಕೆ ಮದ್ದೂ ಬಂತು. ಶಾಲೆಯ ಹಿಂದಿನ ಜಗುಲಿಯಲ್ಲಿ ಕೂರುತ್ತಿದ್ದ ಕ್ಷೌರದವನು ಹಲ್ಲು ಕೀಳುವುದರಲ್ಲೂ ಗಟ್ಟಿಗ. ಹನ್ನೆರಡರ ಹಲ್ಲು ನಾಲ್ಕನ್ನೂ ಕಿತ್ತುಬಿಟ್ಟರೆ ಹನ್ನೆರಡೂ ಹೋಯಿತು! ದನದ ಡಾಕ್ಟರು ದಿನಕ್ಕೆ ಇನ್ನೂರು ಬಾಯಿ ನೋಡುವವರು, ಬೆರಳು ಹಾಕಿ ತಡವುತ್ತಾರೆ, ಬಗ್ಗಿ ನೋಡುವುದಿಲ್ಲ. ಗಾಯ ಒಂದಿಷ್ಟು ಕೂಡಿಕೊಂಡಿದ್ದರೆ ಸಾಕು. ಈ ಶಾಲೆಗೆ ಅವರು ಬರಲು ಹನ್ನೆರಡು ದಿನ ಇದೆ ಎನ್ನುವಾಗ ಅಜ್ಜಿ ಮೊಮ್ಮಗನ ಕೈ ಹಿಡಿದು ಜಗುಲಿಗೆ ನಡೆದಳು. ಏಣಿಗೆ ಬಟ್ಟಲು ಹಿಡಿದುಕೊಂಡು ಬಾ ಎಂದಳು.

ಹಾಡುಹಗಲು. ಗೇಟಿನಲ್ಲಿ ಕಾವಲಿನವನಿದ್ದ. ಕೂಗು ಅವನಿಗೆ ಕೇಳಬಾರದಲ್ಲ, ಅದಕ್ಕೆ ಕೋಣೆಯಲ್ಲಿ ಮಕ್ಕಳನ್ನೆಲ್ಲ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಅಜ್ಜಿ ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟು ಅದುಮಿದಳು. ಏಣಿ ಕಾಲುಗಳ ಮೇಲೆ ಕೂತಳು. ಕ್ಷೌರದವನು ಇಕ್ಕಳ ಒರೆಸಿಕೊಂಡ.

"ಮಗಾ, ಕಚ್ಚಬೇಡ. ಬೆರಳು ಹೋದ್ರೆ ನಂಗೆ ಬೇರೆ ಹೊಟ್ಟೆಪಾಡಿಲ್ಲ," ಎಂದ.

ಮೇಲಿನ ಎರಡು ಬೇಗ ಬಂದವು. ಕೆಳಗಿನದು ಒಂದು ಅರ್ಧಕ್ಕೆ ಮುರಿಯಿತು. ಬೇರು ಒಳಗೇ ಕೂತಿತು. ಅದನ್ನು ಕೆದಕಿ ತೆಗೆಯುವಷ್ಟರಲ್ಲಿ ಒಳಗೆ ಮಕ್ಕಳು ಏಳರ ಮಗ್ಗಿ ಮೂರು ಸಲ ಮುಗಿಸಿದ್ದರು. ಬಟ್ಟಲಿಗೆ ಬಿದ್ದ ಹಲ್ಲುಗಳನ್ನು ಏಣಿ ನೋಡುತ್ತಿದ್ದಳು. ಇಷ್ಟು ದೊಡ್ಡವೇ! ನೋಡುನೋಡುತ್ತ ಅವಳ ನಾಲಗೆ ತನ್ನಷ್ಟಕ್ಕೇ ಬಾಯಿಯ ಹಿಂದಕ್ಕೆ ಹೋಯಿತು. ಎಡಗಡೆ, ಕೆಳಗೆ, ತೀರಾ ಕೊನೆಯಲ್ಲಿ ಒಂದು ವಾರದಿಂದ ಕಡಿಯುತ್ತಿತ್ತು. ವಸಡು ಸೀಳಿ ಏನೋ ಮೊನಚಾಗಿ ಎದ್ದಿತ್ತು.

ಕ್ಷೌರದವನು ಕೈ ತೊಳೆದುಕೊಂಡು, "ಅಜ್ಜೀ, ಹುಡುಗೀದೂ ಒಂದ್ಸಲ ನೋಡಿಬಿಡ್ಲಾ? ಉದ್ದ ಇದಾಳೆ," ಎಂದ.

"ಅವಳಿಗಿನ್ನೂ ಹತ್ತು ಕಣಪ್ಪಾ. ಅವಳ ಬಾಯಲ್ಲಿ ಏನಿರುತ್ತೆ, ಬರೀ ಮಾತು!" ಎಂದು ಅಜ್ಜಿ ನಕ್ಕಳು.

ಅಣ್ಣ ನೆಲದ ಮೇಲೆ ಮುದುಡಿಕೊಂಡು ಬಿದ್ದಿದ್ದ. ಬಾಯಿಯ ಬಟ್ಟೆ ಕೆಂಪಾಗಿತ್ತು. ಇಕ್ಕಳ ಅಲ್ಲೇ ಕಟ್ಟೆಯ ಮೇಲಿತ್ತು. ಏಣಿ ತುಟಿಯನ್ನು ಬಿಗಿಯಾಗಿ ಮುಚ್ಚಿದಳು. ನನಗೆ ನಿಜವಾಗಿಯೂ ಹತ್ತೇ ತಾನೇ, ನಿಜ ಹೇಳಿದರೆ ಯಾರು ಏನು ಮಾಡುತ್ತಾರೆ ಎಂದುಕೊಂಡಳು. ಅಯ್ಯೋ ಪೆದ್ದೇ! ನಿಜ ಎನ್ನುವುದು ಇನ್ನೂ ನಡೆಯುತ್ತದೆ ಎಂದುಕೊಂಡಿದ್ದವಳು ಇಡೀ ಶಾಲೆಯಲ್ಲಿ ಅವಳೊಬ್ಬಳೇ ಇರಬೇಕು.

ಮುಂದಿನ ಹನ್ನೊಂದು ದಿನ ಅಜ್ಜಿಗೆ ಮೊಮ್ಮಗನ ಬಾಯಿಯೇ ಲೋಕವಾಯಿತು. ಹೊತ್ತುಹೊತ್ತಿಗೆ ಉಪ್ಪುನೀರು. ಗಂಜಿಯ ತಿಳಿ ಅವನಿಗೆ, ತಳ ಏಣಿಗೆ. ಮುರಿದ ಹಲ್ಲಿನ ಕಡೆ ಕೀವು ಕಟ್ಟಿ ಕೆನ್ನೆ ಊದಿತು. ಅಜ್ಜಿ ಬಿಸಿ ಬಟ್ಟೆ ಇಟ್ಟು ಇಟ್ಟು ಅದನ್ನು ಒಂದಿಷ್ಟು ಇಳಿಸಿದಳು. "ಈ ಮನೆಯ ಹೆಸರು ಹೇಳೋಕೆ ಉಳಿದಿರೋನು ಇವನೊಬ್ಬ," ಎಂದು ಪಕ್ಕದ ಬೆಂಚಿನವರಿಗೆ ಹೇಳುತ್ತಿದ್ದಳು. ಯಾವ ಮನೆ, ಯಾವ ಹೆಸರು? ಮನೆಯ ಕಲ್ಲನ್ನು ಗೆದ್ದವರು ರಸ್ತೆಗೆ ಹಾಕಿದ್ದರು. ಆದರೂ ಮುದುಕಿ ಬಡಬಡಿಸುತ್ತಿದ್ದಳು. ಏಣಿಯ ನಾಲಗೆಗೆ ಬೇರೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ಎದ್ದರೆ ಮುಟ್ಟಿ ನೋಡುತ್ತಿದ್ದಳು. ದಿನ ಹೋದ ಹಾಗೆ ಹಲ್ಲೂ ಎದ್ದು ಬರುತ್ತಿತ್ತು. ಒಂದು ದಿನ ಬೆರಳಿನಿಂದ ಒಳಕ್ಕೆ ಒತ್ತಿದಳು. ಹಲ್ಲೇನು ಸ್ವಿಚ್ಚಿನ ಗುಂಡಿಯೇ, ಒತ್ತಿದರೆ ಹೋಗುವುದಕ್ಕೆ?

ಆ ದಿನ ಬೆಳಿಗ್ಗೆಯೇ ದನದ ಡಾಕ್ಟರು ಬಂದು ಅಂಗಳದಲ್ಲಿ ಮೇಜು ಹಾಕಿಸಿದರು. ಪಕ್ಕದಲ್ಲಿ ಪಟ್ಟಿ ಬರೆಯುವ ಗುಮಾಸ್ತ, ಒಂದು ಬಕೆಟ್ಟು ನೀರು, ಗೇಟಿನ ಹೊರಗೆ ಲಾರಿ. ಸಂಸಾರ ಸಂಸಾರವಾಗಿ ಸಾಲು. ಸಾಲಿನಲ್ಲಿ ಮುಂದೆ ಏಳು ಮನೆಯವರು ಇದ್ದಾಗ ಏಣಿಗೆ ತಡೆಯಲಾಗಲಿಲ್ಲ.

"ಅಜ್ಜೀ, ನಂಗೆ ಹಿಂದುಗಡೆ..."

"ಆಮೇಲೆ ಹೋಗೀಯಂತೆ. ಈಗ ಸಾಲು ಬಿಟ್ರೆ ಮತ್ತೆ ಸೇರಿಸಲ್ಲ."

"ಅದಲ್ಲ ಅಜ್ಜೀ, ಹಲ್ಲು..."

ಅಜ್ಜಿ ಅವಳ ತೋಳು ಚಿವುಟಿದಳು, ಚರ್ಮ ಕಿತ್ತು ಬರುವ ಹಾಗೆ. "ಆ ಮಾತು ಎತ್ತಿದ್ರೆ ಕೊಂದ್ಬಿಡ್ತೀನಿ. ಗುಮಾಸ್ತ ಕೇಳಿಸ್ಕೋತಾನೆ. ಬಾಯಿಗೆ ಬೀಗ ಹಾಕ್ಕೋ!"

ಅವಳು ಹಾಕಿಕೊಂಡಳು. ಸಾಲು ಮುಂದೆ ಮುಂದೆ ಹೋಯಿತು. ಮೊದಲು ಅಣ್ಣನ ಸರದಿ. ಡಾಕ್ಟರು ಅವನ ಗಲ್ಲ ಹಿಡಿದು ಬೆರಳು ತೂರಿಸಿದರು. ಮೇಲೆ ಆ ಕಡೆ, ಈ ಕಡೆ. ಕೆಳಗೆ ಆ ಕಡೆ. ಮುರಿದು ತೆಗೆದ ಜಾಗಕ್ಕೆ ಬೆರಳು ಬಂದಾಗ ಅವನ ಕಾಲ್ಬೆರಳು ಮಣ್ಣಿನೊಳಗೆ ಇಳಿದದ್ದನ್ನು ಏಣಿ ಕಂಡಳು. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ. ಡಾಕ್ಟರು ಬೆರಳು ಮೂಸಿ ಮುಖ ಸಿಂಡರಿಸಿ ಬಕೆಟ್ಟಿನಲ್ಲಿ ಅದ್ದಿದರು. "ಬಾಯೆಲ್ಲ ಹುಳುಕು. ಹನ್ನೆರಡರದು ಇಲ್ಲ. ಚಿಕ್ಕವನು, ಬರ್ಕೋ."

ಅಜ್ಜಿ ಉಸಿರು ಬಿಟ್ಟಳು. ಪಾಪ, ಅಷ್ಟಕ್ಕೇ ಗೆದ್ದೆ ಎಂದುಕೊಂಡಳು.

ಬೆರಳು ಏಣಿಯ ಬಾಯಿಗೆ ಬಂತು. ಎಡಗಡೆ ಕೆಳಗೆ ಬಂದು ನಿಂತಿತು. ಮತ್ತೊಮ್ಮೆ ತಡವಿತು.

"ಒಂದು ಎದ್ದಿದೆ. ದೊಡ್ಡೋಳು, ಬರ್ಕೋ. ಈ ಮನೆಯಿಂದ ಇವಳು."

"ಅಯ್ಯೋ ಇಲ್ಲ ಸಾಹೇಬ್ರೇ! ಹತ್ತು ಅವಳಿಗೆ, ನಿಮ್ಮ ಪಾದದಾಣೆ ಹತ್ತು!" ಅಜ್ಜಿ ಮೇಜಿನ ಅಂಚು ಹಿಡಿದುಕೊಂಡಳು. ಅವಳ ಕಣ್ಣು ಮೊದಲ ಸಲ ಮೊಮ್ಮಗಳ ಬಾಯಿಯನ್ನು ನೋಡಿತು.

ಡಾಕ್ಟರು ಬೇಸರದಿಂದ ಕೈ ಒರೆಸಿಕೊಂಡರು. ಕೆಟ್ಟ ಮನುಷ್ಯರೂ ಅಲ್ಲ, ಬಿಸಿಲಿಗೆ ದಣಿದಿದ್ದರು. "ನೋಡಿ ಅಜ್ಜೀ, ಕೆಲವರಿಗೆ ಬೇಗ ಬರೋದುಂಟು, ನಾನಿಲ್ಲ ಅನ್ನಲ್ಲ. ಒಂದು ಮಾತು ಹೇಳಿ, ಸಾಕು. ಇವರಿಬ್ಬರಲ್ಲಿ ದೊಡ್ಡೋರು ಯಾರು? ಹುಡುಗಿಯೇ ಚಿಕ್ಕೋಳು ಅಂದ್ರೆ ಅವಳನ್ನ ಬಿಡ್ತೀನಿ. ಆದ್ರೆ ಆಗ ಹುಡುಗನ ಬಾಯನ್ನ ಇನ್ನೊಂದ್ಸಲ ನೋಡ್ಬೇಕಾಗುತ್ತೆ. ಬೆಳಕು ಬಿಟ್ಟು." ಜೇಬಿನಿಂದ ಟಾರ್ಚು ತೆಗೆದು ಮೇಜಿನ ಮೇಲಿಟ್ಟರು.

ಅಜ್ಜಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅಲ್ಲಿ ಆರಿಸಿಕೊಳ್ಳುವ ಕಷ್ಟವಾದರೂ ತನ್ನದೊಂದೇ ಪ್ರಾಣದ್ದು. ಮುದುಕಿಯಿಂದ ಮಾತು ಹೊರಡದ್ದು ನೋಡಿ ಡಾಕ್ಟರು ಹುಡುಗನ ಕಡೆ ತಿರುಗಿದರು.

"ನೀನು ಹೇಳೋ ಮರಿ. ಇವಳು ನಿಂಗೆ ಏನಾಗ್ಬೇಕು?"

ಏಣಿ ಅಣ್ಣನನ್ನು ನೋಡಿದಳು. ಅವಳಿಗೆ ಹೆದರಿಕೆಯೇ ಆಗಲಿಲ್ಲ. ಅಣ್ಣನನ್ನು ಕೇಳಿದ್ದಾರೆ, ಅಣ್ಣ ಹೇಳುತ್ತಾನೆ. ಅವನು ಬಾಯಲ್ಲಿ ತುಂಬಿದ್ದನ್ನು ನುಂಗಿದ. ಟಾರ್ಚು ನೋಡಿದ. ಆಮೇಲೆ, ತುಟಿ ಹೆಚ್ಚು ತೆರೆಯದೆ, ಹೇಳಿದ:

"ಅಕ್ಕ."

ಒಂದು ಗಳಿಗೆ ಅವಳಿಗೆ ಅರ್ಥವೇ ಆಗಲಿಲ್ಲ. ಅವನು ಬೇರೆ ಯಾರನ್ನೋ ಕರೆದ ಎಂದು ಹಿಂದೆ ತಿರುಗಿ ನೋಡಿದಳು.

"ಸುಳ್ಳು!" ಎಂದು ಆಮೇಲೆ ಕಿರುಚಿದಳು. "ಅವನೇ ಅಣ್ಣ! ಅಣ್ಣಾ, ಹೇಳೋ! ಸಾಹೇಬ್ರೇ, ಅವನಿಗೆ ಹದಿಮೂರು, ಅವನ ಹಲ್ಲು ಜಗುಲೀಲಿ..."

ಅಜ್ಜಿಯ ಕೈ ಅವಳ ಬಾಯಿಗೆ ಅಪ್ಪಳಿಸಿತು. ತುಟಿ ಒಡೆದು ರಕ್ತ ಬಂತು. ಆ ಕೈ ಅಲ್ಲೇ ಕೂತಿತು, ಅಂಗೈಯಿಂದ ಬಾಯಿ ಮುಚ್ಚಿ, ಬೆರಳುಗಳು ಕೆನ್ನೆಯಲ್ಲಿ ಇಳಿದು.

"ದೊಡ್ಡೋಳು ಇವಳೇ ಸಾಹೇಬ್ರೇ," ಎಂದಳು ಅಜ್ಜಿ. "ಮೊದಲಿಂದಾನೂ ಸುಳ್ಳುಬುರುಕಿ. ಕೆಲಸ ಅಂದ್ರೆ ತಮ್ಮನ ಮೇಲೆ ಹಾಕ್ತಾಳೆ."

ದನದ ಡಾಕ್ಟರು ಹುಡುಗನ ಊದಿದ ಕೆನ್ನೆಯನ್ನು ನೋಡಿದರು, ಅಜ್ಜಿಯ ಕೈ ನೋಡಿದರು. ಮೂವತ್ತು ವರ್ಷ ಬಾಯಿ ನೋಡಿದವರಿಗೆ ಕಿತ್ತ ಹಲ್ಲು ಯಾವುದು, ಬಾರದ ಹಲ್ಲು ಯಾವುದು ಎಂದು ಗೊತ್ತಾಗದೇ ಇರುತ್ತದೆಯೇ? ಗೊತ್ತಾಗಿತ್ತು. ಆದರೆ ಅವರಿಗೆ ಬೇಕಾದದ್ದು ಮನೆಗೊಂದು, ಒಂದು ಸಿಕ್ಕಿತ್ತು. ಟಾರ್ಚನ್ನು ಜೇಬಿಗೆ ಹಾಕಿಕೊಂಡು, "ಮುಂದಿನವರು," ಎಂದರು.

ಕಾವಲಿನವನು ಅವಳನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಲಾರಿಗೆ ಹತ್ತಿಸಿದ. ಉದ್ದವಿದ್ದರೂ ಏನೂ ಭಾರವಿರಲಿಲ್ಲ. ಲಾರಿಯಲ್ಲಿ ಆಗಲೇ ಹದಿನೈದು ಇಪ್ಪತ್ತು ಮಕ್ಕಳು ಕಬ್ಬಿಣದ ಸಲಾಕೆಗಳ ರಾಶಿಯ ಮೇಲೆ ಕೂತಿದ್ದರು. ಅವಳು ಅಣ್ಣಾ, ಅಣ್ಣಾ ಎಂದು ಗಂಟಲು ಕಟ್ಟುವ ತನಕ ಕೂಗಿದಳು. ಅವನು ಅಜ್ಜಿಯ ಸೆರಗಿನ ಮರೆಯಲ್ಲಿ ನಿಂತಿದ್ದ. ಗುಮಾಸ್ತನಿಗೆ ಮಕ್ಕಳೆಂದರೆ ಅಕ್ಕರೆ. ಸಾಲು ಮುಗಿದ ಮೇಲೆ ಲಾರಿಯ ಕಡೆ ಹೋಗುತ್ತ ಅವನ ಬೆನ್ನು ತಟ್ಟಿ, "ಅಕ್ಕ ಹೋಗ್ತಿದಾಳೆ, ಟಾಟಾ ಮಾಡೋ ಮರಿ," ಎಂದ. ಅವನು ಕೈ ಎತ್ತಿ ಟಾಟಾ ಮಾಡಿದ. ಅಜ್ಜಿ ಕೈ ಎತ್ತಲಿಲ್ಲ. ಒಂದು ಕೈಯಲ್ಲಿ ಎದೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಇನ್ನೊಂದು ಕೈಯಲ್ಲಿ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದು. ಏಣಿ ಕೂಗುವುದನ್ನು ನಿಲ್ಲಿಸಿದಳು.

ಗುಮಾಸ್ತ ಲಾರಿಯ ಹಿಂದಿನ ಹಲಗೆಗೆ ಪಟ್ಟಿ ಆನಿಸಿಕೊಂಡು ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಏಣಿಯ ಹೆಸರು ಬರೆದುಕೊಂಡ. ವಯಸ್ಸಿನ ಎದುರು ಕೇಳದೆಯೇ ಹನ್ನೆರಡು ಎಂದು ಬರೆದ.

"ಹೊಲದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಿಗೆ ತಿಳಿಸ್ಬೇಕಮ್ಮಾ? ಮನೇಲಿ ಯಾರ್ಯಾರಿದಾರೆ?"

ಮೇಜಿನ ಹತ್ತಿರ ಅವರು ಇನ್ನೂ ನಿಂತಿದ್ದರು. ಅವಳು ಅವರನ್ನು ಚೆನ್ನಾಗಿ ನೋಡಿದಳು, ಅಜ್ಜಿಯನ್ನೊಮ್ಮೆ, ಅವನನ್ನೊಮ್ಮೆ.

"ಯಾರೂ ಇಲ್ಲ," ಎಂದಳು.

ಗುಮಾಸ್ತ ಆ ಜಾಗದಲ್ಲಿ ಒಂದು ಗೆರೆ ಎಳೆದು, ಪಕ್ಕದ ಹುಡುಗನ ಹೆಸರು ಕೇಳಿದ.