ಮುಚ್ಚಳದ ಮೇಲಿನ ಇಟ್ಟಿಗೆ

ಮೈದುನ ಗೋಡೆಯಲ್ಲಿದ್ದ ಪ್ಲಗ್ಗನ್ನು ಕಿತ್ತು, ಅಣ್ಣನ ಶವವಿದ್ದ ಫ್ರೀಜರ್ ಪೆಟ್ಟಿಗೆಯ ವೈರನ್ನು ಅಲ್ಲಿ ಸಿಕ್ಕಿಸಿದ. ಪೆಟ್ಟಿಗೆ ಒಮ್ಮೆ ನಡುಗಿ ಗುಂಯ್ ಎನ್ನತೊಡಗಿತು.

"ಹಾಲಿಗೆಲ್ಲಾ ಇದೊಂದೇ ಪ್ಲಗ್ಗಾ ಅತ್ತಿಗೆ? ಊರಿಗೆಲ್ಲ ಬೇಯಿಸಿ ಹಾಕ್ದ ಅಣ್ಣ, ಮನೆಗೆ ಇನ್ನೊಂದು ಪ್ಲಗ್ ಹಾಕಿಸಲಿಲ್ಲ ನೋಡಿ."

ಅವನು ಕಿತ್ತದ್ದು ಮೂಲೆಯ ಗಾಜಿನ ತೊಟ್ಟಿಗೆ ಗಾಳಿ ಊದುವ ಪಂಪಿನ ವೈರು. ಜನ ಬರುವ ಮೊದಲೇ ಅವಳು ತೊಟ್ಟಿಗೆ ಹಳೆಯ ಬೆಡ್‌ಶೀಟ್ ಹೊದಿಸಿದ್ದಳು. ಅದರಡಿಯಿಂದ ಬರುತ್ತಿದ್ದ ಗುಳುಗುಳು ಸದ್ದು ಈಗ ನಿಂತಿತು. ನಿಂತದ್ದು ಅವಳೊಬ್ಬಳ ಗಮನಕ್ಕೆ ಮಾತ್ರ ಬಂತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹೋಗಲಿ, ಅವರ ಜೊತೆಗೇ ಅದೂ ಹೋಗಲಿ ಎಂದುಕೊಂಡಳು.

ಗಾಳಿಗೆ ಮುಂಬಾಗಿಲು ಹಾಕಿಕೊಳ್ಳುತ್ತಿತ್ತು. ಮೈದುನ ಅತ್ತಿತ್ತ ನೋಡಿ, ಉಬ್ಬಿದ್ದು ಕಂಡು ಬೆಡ್‌ಶೀಟಿನಡಿ ಕೈ ಹಾಕಿ, ತೊಟ್ಟಿಯ ಮುಚ್ಚಳದ ಮೇಲಿದ್ದ ಇಟ್ಟಿಗೆಯನ್ನು ತಂದು ಬಾಗಿಲಿಗೆ ಒತ್ತು ಕೊಟ್ಟ. ಅದನ್ನೂ ನೋಡಿ ಅವಳು ಮುಖ ತಿರುಗಿಸಿದಳು.

ಪೆಟ್ಟಿಗೆಯ ಪಕ್ಕ ಕೂತ ಮಗಳು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಒಂದೇ ಹೋಟೆಲಲ್ಲಿ ಮೂವತ್ತು ವರ್ಷ. ಮಂಡಿನೋವು ಅಂತ ಬಿಟ್ರು, ಇಲ್ದಿದ್ರೆ ಬಿಡ್ತಿರಲಿಲ್ಲ. ಅಲ್ಲಿಂದ ಒಂದು ಚಮಚ ಮನೆಗೆ ತಂದವರಲ್ಲ ನಮ್ಮಪ್ಪ."

"ಅಂಥೋರು ಈಗೆಲ್ಲಮ್ಮಾ," ಎಂದು ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡಳು.

ಆಗ ಬಾಗಿಲಲ್ಲಿ ಹೋಟೆಲಿನ ಸ್ಟೋರ್ ಕೀಪರ್ ಕಾಣಿಸಿಕೊಂಡರು. ಇನ್ನು ಈ ಹೊಸ್ತಿಲು ತುಳಿಯಬೇಡಿ ಎಂದು ನಾಲ್ಕು ವರ್ಷದ ಹಿಂದೆ ಅವಳೇ ಕಳಿಸಿದ ಮನುಷ್ಯ. ಮಂಡಿನೋವು ಸುಳ್ಳೆಂದು ಬಲ್ಲವರು ಈ ಮನೆಯಲ್ಲಿ ಈಗ ಅವರು ಮತ್ತು ಅವಳು, ಇಬ್ಬರೇ.

\*

ಆ ದಿನ ಗಂಡ ಹೊತ್ತಿಗೆ ಮೊದಲೇ ಬಂದು, ಬಚ್ಚಲಲ್ಲಿ ಕೂತು ಊಟದ ಡಬ್ಬಿ ತೆರೆದಿದ್ದ. ಒಳಗೆ ಒದ್ದೆ ಬಟ್ಟೆ. ಬಟ್ಟೆಯೊಳಗೆ ಸಿಗಡಿಯ ಮೈ, ಏಡಿಯ ಇಕ್ಕಳಗಳಿದ್ದ ಕಂದು ಬಣ್ಣದ ಜೀವ. ಒಂದು ಇಕ್ಕಳ ಬುಡದಲ್ಲೇ ಮುರಿದಿತ್ತು.

"ಏನ್ರೀ ಇದು?"

"ಕ್ರೇಫಿಶ್."

"ಬೇಯಿಸೋಕಾ?"

"ಅಲ್ಲ. ಸಾಕೋಕೆ."

ಅಷ್ಟೇ. ಮಾತೇ ಆಡದ ಅವನನ್ನು ಹೋಟೆಲಿನ ಅಡುಗೆಮನೆಯಲ್ಲಿ 'ಗುಮ್ಮಣ್ಣ' ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಉಳಿದದ್ದನ್ನು ಮರುದಿನ ಮನೆಗೆ ಬಂದು ಹೇಳಿದವರು ಸ್ಟೋರ್ ಕೀಪರ್. ಕ್ರೇಫಿಶ್‌ಗಳನ್ನು ಜೀವಂತವಾಗಿಯೇ ಕುದಿನೀರಿಗೆ ಹಾಕುವುದು ಅವನ ಕೆಲಸ. ಇದೊಂದು ಸೌಟನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಬಿಡಿಸಲು ಹೋದರೆ ಇಕ್ಕಳವೇ ಕಳಚಿ ಬಂತು. ಸಂಜೆ ಗೇಟಿನಲ್ಲಿ ಕಾವಲಿನವನು ಡಬ್ಬಿ ತೆರೆಸಿದ; ಇನ್ನೊಂದು ಇಕ್ಕಳ ಅವನ ಹೆಬ್ಬೆರಳು ಹಿಡಿಯಿತು. ಕೂಗಾಟಕ್ಕೆ ಮ್ಯಾನೇಜರ್ ಬಂದರು. ಅದನ್ನು ವಾಪಸ್ ಇಟ್ಟು ತಪ್ಪಾಯಿತೆಂದು ಹೇಳು, ನಾಳೆ ಕೆಲಸಕ್ಕೆ ಬಾ ಎಂದರು. ಅವನು ಡಬ್ಬಿಯ ಮುಚ್ಚಳ ಹಾಕಿಕೊಂಡು ಹೊರಟುಬಂದ.

"ತಪ್ಪಾಯ್ತು ಅಂತ ಒಂದ್ಮಾತು ಸಾಕು ತಂಗಿ. ನೀವಾದ್ರೂ ಹೇಳಿ."

"ಕಳ್ಳ ಅನ್ನಿಸ್ಕೊಂಡಾಯ್ತಲ್ಲ, ಇನ್ನೇನ್ ಹೇಳೋದು? ಈ ಮಾತು ನಿಮ್ಮ ಬಾಯಿಂದ ಆಚೆ ಬೀಳಬಾರದು. ನೀವೂ ಈ ಕಡೆ ಬರಬೇಡಿ."

ಮಂಡಿನೋವನ್ನು ಹುಟ್ಟಿಸಿದವಳು ಅವಳೇ. ಅವಳ ಮಾತು ಉಳಿಯಲೆಂದು ಅವನು ನೆರೆಯವರೆದುರು ಸ್ವಲ್ಪ ಕುಂಟುತ್ತಿದ್ದ. ಕೆಲವೊಮ್ಮೆ ಎಡಗಾಲು, ಕೆಲವೊಮ್ಮೆ ಬಲಗಾಲು.

ಕೆಲಸ ಹೋದವನು ತೊಟ್ಟಿ ಕಟ್ಟಲು ಕೂತ. ಜಲ್ಲಿಯನ್ನು ಅಕ್ಕಿ ತೊಳೆದಂತೆ ತೊಳೆದ. ನಲ್ಲಿ ನೀರಿನ ಕ್ಲೋರಿನ್ ಹೋಗಲೆಂದು ಬಕೆಟ್ಟುಗಳಲ್ಲಿ ಹಿಡಿದಿಟ್ಟ; ಮನೆಯಲ್ಲಿ ಸ್ನಾನಕ್ಕೆ ಬಕೆಟ್ ಇಲ್ಲದಂತಾಯಿತು. ಅಡಗಿಕೊಳ್ಳಲು ಒಂದು ತುಂಡು ಪೈಪು ಕತ್ತರಿಸಿ, ಅಂಚು ತರಚದಂತೆ ಉಜ್ಜಿದ. ಪಂಪು ಹಾಕಿ, ನೀರು ಹದಕ್ಕೆ ಬರಲೆಂದು ಬರೀ ನೀರನ್ನೇ ವಾರಗಟ್ಟಲೆ ಓಡಿಸಿದ. ಅಲ್ಲಿಯವರೆಗೆ ಕ್ರೇಫಿಶ್ ಅವಳ ಬಟ್ಟೆ ನೆನೆಸುವ ಬೇಸಿನ್ನಿನಲ್ಲಿ. ಕೊನೆಗೆ ಮುಚ್ಚಳ, ಮುಚ್ಚಳದ ಮೇಲೆ ಇಟ್ಟಿಗೆ.

"ಇಟ್ಟಿಗೆ ಯಾಕೆ?"

"ನೀರಲ್ಲಿ ಗಾಳಿ ಸಾಲದಿದ್ರೆ ಟ್ಯೂಬ್ ಹಿಡ್ಕೊಂಡು ಹತ್ತಿ ಆಚೆ ಬಂದ್ಬಿಡತ್ತೆ."

"ನಿಮ್ಮ ಹಾಗೇ," ಎಂದಳು ಅವಳು. ಅವನು ನಕ್ಕ. ಅವಳು ನಗಲಿಲ್ಲ.

ಒಂದು ದಿನವೂ ಅವಳು ಅದಕ್ಕೆ ತಿನ್ನಲು ಹಾಕಲಿಲ್ಲ. ಅದು ಪೊರೆ ಬಿಟ್ಟಾಗಲೆಲ್ಲ ಮುರಿದ ಇಕ್ಕಳ ಚೂರು ಚೂರೇ ಬೆಳೆಯಿತು. ಇನ್ನೊಂದರ ಸಮಕ್ಕೆ ಮಾತ್ರ ಬರಲಿಲ್ಲ.

\*

ಸ್ಟೋರ್ ಕೀಪರ್ ಪೆಟ್ಟಿಗೆಯ ಗಾಜಿನ ಮೇಲೆ ಅಂಗೈಯಿಟ್ಟು ನಿಂತರು. ಮಗಳು ಕುರ್ಚಿ ಸರಿಸಿದಳು.

"ಅಪ್ಪನ ಜೊತೆ ಇದ್ರಾ ಅಂಕಲ್?"

"ಸ್ಟೋರು ನೋಡ್ಕೋತಿದ್ದೆನಮ್ಮ."

"ಹಾಗಾದ್ರೆ ನೀವೇ ಹೇಳಿ. ಅಲ್ಲಿಂದ ಒಂದು ಚಮಚ ಆಚೆ ಬಂದಿದೆಯಾ?"

ಅವರು ತಾಯಿಯತ್ತ ನೋಡಿದರು. ಅವಳು ನೆಲ ನೋಡಿದಳು.

"ಚಮಚ ಬಂದಿಲ್ಲಮ್ಮ," ಎಂದರು.

ಹೊತ್ತು ನೆತ್ತಿಗೇರಿತ್ತು. ಶವ ಒಯ್ಯುವ ವಾಹನ ಇನ್ನೂ ಬಂದಿರಲಿಲ್ಲ. ಇದ್ದಕ್ಕಿದ್ದಂತೆ ಪಕ್ಕದ ಮನೆಯಾಕೆ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡಳು. "ಅಯ್ಯೋ ಚೇಳು! ಇಷ್ಟು ದೊಡ್ಡ ಚೇಳು!"

ನೆಲದ ಮೇಲೆ ನೀರಿನ ಗೆರೆ. ಗೆರೆಯ ತುದಿಯಲ್ಲಿ ಅದು, ಇಕ್ಕಳಗಳನ್ನೆತ್ತಿ ಹಿಂದೆ ಹಿಂದೆ ಸರಿಯುತ್ತಿತ್ತು. ಮೈದುನ ಚಪ್ಪಲಿ ಕೈಗೆತ್ತಿಕೊಂಡ.

"ಹೊಡೀಬೇಡ!"

ಕೂಗಿದ್ದು ತಾನೇ ಎಂದು ಅವಳಿಗೆ ಆಮೇಲೆ ತಿಳಿಯಿತು. ಬೆಳಿಗ್ಗೆಯಿಂದ ಅವಳ ದನಿಯನ್ನೇ ಯಾರೂ ಕೇಳಿರಲಿಲ್ಲ.

ಸ್ಟೋರ್ ಕೀಪರ್ ಮಂಡಿಯೂರಿ, ಇಕ್ಕಳ ತಾಗದಂತೆ ಬೆನ್ನ ಮೇಲಿಂದ ಹಿಡಿದೆತ್ತಿದರು. ತೊಟ್ಟಿಯ ಬೆಡ್‌ಶೀಟನ್ನು ಸೆಳೆದು, ಅದರ ಅಂಚನ್ನು ನೀರಿನಲ್ಲಿ ಅದ್ದಿ, ಸುತ್ತಿದರು. ಚಿಕ್ಕ ಇಕ್ಕಳ ಬಟ್ಟೆಯಿಂದ ಹೊರಗುಳಿಯಿತು. ಅವರ ಕೈ ಅಲ್ಲೇ ನಿಂತಿತು.

"ಅಪ್ಪ ಅಂಗಡೀಲಿ ತಗೊಂಡಿದ್ದು," ಎಂದಳು ಮಗಳು.

"ಹೂಂನಮ್ಮ. ಅಂಗಡೀದೇ."

ಅವರು ಒದ್ದೆ ಗಂಟನ್ನು ತಾಯಿಯ ಕೈಗೆ ಕೊಟ್ಟರು. ಬಟ್ಟೆಯೊಳಗೆ ಕಾಲುಗಳು ಅವಳ ಅಂಗೈಯನ್ನು ತಡಕಾಡಿದವು. ಅದನ್ನು ಅವಳು ಮುಟ್ಟಿದ್ದು ಇದೇ ಮೊದಲು.

"ಅಂಗಡೀದಲ್ಲ," ಎಂದಳು. "ಹೋಟೆಲಿಂದ ತಂದಿದ್ದು."

"ಅಪ್ಪಾನಾ? ಕೇಳಿ ತಂದ್ರು ತಾನೇ?"

"ಇಲ್ಲ."

"ಮತ್ತೆ ಮಂಡಿನೋವು?"

"ಅದು ನಾನು ಹುಟ್ಟಿಸಿದ್ದು."

ಮೈದುನ ಚಪ್ಪಲಿಯನ್ನು ಮೆಲ್ಲಗೆ ಕೆಳಗಿಟ್ಟ. ಮಗಳು ಪೆಟ್ಟಿಗೆಯೊಳಗಿನ ಮುಖವನ್ನು, ಆಮೇಲೆ ತಾಯಿಯ ಕೈಯಲ್ಲಿದ್ದದ್ದನ್ನು ನೋಡಿದಳು. ಹೊರಗೆ ವಾಹನ ಹಾರ್ನ್ ಹೊಡೆಯಿತು.

ಪೆಟ್ಟಿಗೆಯ ಪ್ಲಗ್ ಕಿತ್ತರು. ಗುಂಯ್ ಎನ್ನುವ ಸದ್ದು ಅಡಗಿತು. ಗಂಡಸರು ಶವವನ್ನು ಹೊತ್ತು ಮೆಟ್ಟಿಲಿಳಿದರು. ಅವಳು ಹಿಂದೆ ಉಳಿದು, ಗಂಟನ್ನು ನೀರೊಳಗೆ ಬಿಚ್ಚಿ, ಪಂಪಿನ ವೈರನ್ನು ಗೋಡೆಗೆ ಸಿಕ್ಕಿಸಿದಳು. ಗುಳ್ಳೆಗಳೆದ್ದವು. ಅದು ಹಿಮ್ಮುಖವಾಗಿ ಪೈಪಿನೊಳಗೆ ಸೇರಿತು. ಚಿಕ್ಕ ಇಕ್ಕಳ ಕೊನೆಗೆ.

"ಅಮ್ಮಾ, ಕಾಯ್ತಿದ್ದಾರೆ."

ಅವಳು ಮುಚ್ಚಳ ಹಾಕಿ ತಿರುಗಿದಳು. ಮಗಳು ಬಾಗಿಲಲ್ಲಿ ಬಗ್ಗಿ, ಒತ್ತು ಕೊಟ್ಟಿದ್ದ ಇಟ್ಟಿಗೆಯನ್ನು ಎತ್ತಿಕೊಂಡಿದ್ದಳು. ಒಳಗೆ ಬಂದು, ತಾಯಿಯ ಮುಖ ನೋಡದೆ, ಅದನ್ನು ಮುಚ್ಚಳದ ಮೇಲೆ ಎರಡೂ ಕೈಯಿಂದ ಇಟ್ಟಳು.

ಇಬ್ಬರೂ ಇಳಿದುಹೋದರು. ಒತ್ತು ತಪ್ಪಿದ ಬಾಗಿಲು ಅವರ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಒಳಗೆ, ನೀರಿನಿಂದೆಳೆದು ನೆಲಕ್ಕೆ ಬಿಟ್ಟಿದ್ದ ಬೆಡ್‌ಶೀಟಿನ ಅಂಚಿನಿಂದ ನೀರು ನೆಲದ ಮೇಲೆ ಹರಡುತ್ತಿತ್ತು.